ಮೂರನೇ ಹಾಡಿನಿಂದ ಬೇಸೂರ್: ರಾಗದಲ್ಲಿ ವಚನ, ಹಿಂದೆ ಗಿಟಾರ್, ಕೀಬೋರ್ಡ್. ತಪ್ಪು ಎಲ್ಲಿದೆ?

ಕೀಬೋರ್ಡ್_ಕಲಬುರಗಿ

ಎಲ್ಲರಿಗೂ ನಮಸ್ಕಾರ. ಕಲಬುರಗಿಯಲ್ಲಿ ನಮ್ಮದೊಂದು ಆರು ಜನರ ತಂಡ ಇದೆ. ಹಾಡುವುದು ನಮ್ಮ ಅಕ್ಕ, ಹಿಂದೂಸ್ತಾನಿ ಕಲಿತವಳು. ಅವಳ ಜತೆ ಪೇಟಿ (ಹಾರ್ಮೋನಿಯಂ), ತಬಲಾ, ಅಕೌಸ್ಟಿಕ್ ಗಿಟಾರ್, ಬೇಸ್ ಗಿಟಾರ್, ಕೀಬೋರ್ಡ್. ಕೀಬೋರ್ಡ್ ನನ್ನದು. ವಚನ, ತತ್ವಪದಗಳನ್ನು ರಾಗದಲ್ಲೇ ಹಾಡಿ, ಹಿಂದೆ ಗಿಟಾರ್, ಬೇಸ್ ಸೇರಿಸುತ್ತೇವೆ. ಅಕ್ಕನ ಪಟ್ಟಿ, ಅಂದರೆ ಅವಳ ಸಾ, ಕಾಳಿ 4 (ಪೇಟಿಯ ನಾಲ್ಕನೇ ಕಪ್ಪು ಮನೆ, ಜಿ ಶಾರ್ಪ್).

ಹೋದ ವಾರ ಊರ ಹೊರಗೆ ಒಂದು ಜಾತ್ರೆಯಲ್ಲಿ ಕಾರ್ಯಕ್ರಮ ಇತ್ತು. ಬಯಲು ವೇದಿಕೆ. ಎರಡು ತೊಂದರೆ ಆದವು.

ಒಂದು, ದುರ್ಗಾ ರಾಗದಲ್ಲಿ ಒಂದು ವಚನ ಇದೆ. ಅಕ್ಕನ ಆಲಾಪ ಚೆನ್ನಾಗಿ ನಿಲ್ಲುತ್ತದೆ. ಗಿಟಾರ್ ಸೇರಿದ ಕೂಡಲೇ ರಾಗ ಹೋಗಿ ಸುಮ್ನೆ ಒಂದು ಸಿನಿಮಾ ಹಾಡಿನ ಥರ ಆಗುತ್ತದೆ. ಇದು ಪ್ರಾಕ್ಟೀಸಿನಲ್ಲೂ ಹೀಗೇ.

ಎರಡನೆಯದು ದೊಡ್ಡದು. ಮೊದಲ ಎರಡು ಹಾಡು ಸರಿ ಇದ್ದವು. ಮೂರನೆಯದರಿಂದ ಅಕ್ಕ ಬೇಸೂರ್ ಆಗತೊಡಗಿದಳು, ಅಂದರೆ ಸ್ವರ ಶ್ರುತಿಗೆ ಕೂರಲಿಲ್ಲ. ಪೇಟಿ ಜತೆ ಸರಿ ಇದ್ದಳು ಅನ್ನಿಸಿದರೆ ಕೀಬೋರ್ಡ್ ಜತೆ ಬೇರೆ, ಕೀಬೋರ್ಡ್ ಜತೆ ಸೇರಿದರೆ ತಬಲಾ ಬೇರೆ. ತಾರ ಷಡ್ಜಕ್ಕೆ (ಮೇಲಿನ ಸಾ) ಹೋದಾಗಲಂತೂ ಕೇಳಲು ಆಗಲಿಲ್ಲ. ಇಳಿದು ಬಂದವಳು ಯಾರ ಜತೆಗೂ ಮಾತಾಡಲಿಲ್ಲ. ರಾತ್ರಿ ಊಟಕ್ಕೆ ಕೂತಾಗ "ನನ್ ದನಿನೇ ಕೆಟ್ಟದ, ಇನ್ಮ್ಯಾಲೆ ಸ್ಟೇಜ್ ಬ್ಯಾಡ" ಅಂದಳು. ಮಾರನೇ ದಿನ ಮನೆಯಲ್ಲಿ ತಂಬೂರಿ ಹಾಕಿಕೊಂಡು ಹಾಡಿದರೆ ಕೂದಲೆಳೆಯಷ್ಟೂ ತಪ್ಪಿಲ್ಲ. ನಾನೇ ಪಕ್ಕದಲ್ಲಿ ಕೂತು ಕೇಳಿದೆ. ದಯವಿಟ್ಟು ಯಾರಾದರೂ ಸಹಾಯ ಮಾಡಿ.

ಬೀದರ್_ಸೌಂಡ್

ತಮ್ಮಾ, ಮೊದಲು ಇದನ್ನು ಹೇಳು. ಅಕ್ಕನ ಮಾನಿಟರಿನಲ್ಲಿ, ಅಂದರೆ ಅವಳ ಕಡೆ ತಿರುಗಿಸಿಟ್ಟ ಸ್ಪೀಕರಿನಲ್ಲಿ, ಏನೇನು ಬರುತ್ತಿತ್ತು? ತಂಬೂರಿ ಎಲ್ಲಿಂದ ಬರುತ್ತಿತ್ತು?

ಪ್ರಾಕ್ಟೀಸ್ ರೂಮಿನಲ್ಲಿ ನಾಲ್ಕು ಗೋಡೆ ಇರುತ್ತವೆ, ಹಾಡಿದ್ದು ತಿರುಗಿ ಕಿವಿಗೆ ಬರುತ್ತದೆ. ಬಯಲಿನಲ್ಲಿ ದನಿ ಹೋದರೆ ಹೋಯಿತು. ಕೋಟೆ ಆವರಣದ ಕಾರ್ಯಕ್ರಮಗಳಲ್ಲಿ ಇದನ್ನು ಎಷ್ಟೋ ಸಲ ನೋಡಿದ್ದೇನೆ. ತಮ್ಮ ದನಿ ತಮಗೆ ಕೇಳದ ಹಾಡುಗಾರರು ಜೋರಾಗಿ ಹಾಡುತ್ತಾರೆ, ಜೋರು ಮಾಡಿದಾಗ ಸ್ವರ ಸರಿಯುತ್ತದೆ. ಅಕ್ಕನ ಮಾನಿಟರಿಗೆ ಎರಡೇ ಕೊಡಿಸು: ಅವಳ ದನಿ, ತಂಬೂರಿ. ಅವಳು ಕೇಳಿದರೆ ಸ್ವಲ್ಪ ಪೇಟಿ. ಕೀಬೋರ್ಡ್, ಬೇಸ್ ಬೇಡ.

ಫೋನಿನ ತಂಬೂರಿಯನ್ನು ಮೈಕ್ ಮುಂದೆ ಇಡಬೇಡ. ವೈರ್ ಹಾಕಿ ಡಿಐ ಬಾಕ್ಸ್ (ಸಿಗ್ನಲನ್ನು ಮಿಕ್ಸರಿಗೆ ಹೊಂದಿಸುವ ಸಣ್ಣ ಡಬ್ಬಿ) ಮೂಲಕ ಮಿಕ್ಸರಿಗೆ ಕೊಡು. ಮೈಕ್ ಮುಂದೆ ಇಟ್ಟರೆ ತಬಲಾ ಸದ್ದೂ ಅದರೊಳಗೆ ಸೇರುತ್ತದೆ.

ಕೀಬೋರ್ಡ್_ಕಲಬುರಗಿ

ತಂಬೂರಿ ಆ್ಯಪ್ ಅಣ್ಣಾ, ವೈರ್ ಹಾಕಿಯೇ ಕೊಟ್ಟಿದ್ದೆವು. ಮಾನಿಟರಿನಲ್ಲಿ ಮಾತ್ರ ಎಲ್ಲಾ ಸೇರಿಸಿ ಕೊಟ್ಟಿದ್ದರು. ಮುಂದಿನ ಸಲ ನೀವು ಹೇಳಿದ ಹಾಗೆ ಮಾಡಿಸುತ್ತೇನೆ. ಆದರೆ ಅದೇ ಮಾನಿಟರಿನಲ್ಲಿ ಮೊದಲ ಎರಡು ಹಾಡು ಸರಿ ಬಂದವಲ್ಲ?

ಯಾದಗಿರಿ_ಗಿಟಾರ್

ನಾನು ದುರ್ಗಾ ತೊಂದರೆಗೆ ಉತ್ತರ ಕೊಡುತ್ತೇನೆ. ಇದೇ ತಪ್ಪನ್ನು ಒಂದು ವರ್ಷ ಮಾಡಿದ್ದೇನೆ.

ಕಾಳಿ 4 ಅಂದರೆ ನಿಮ್ಮ ಗಿಟಾರಿನವರು ಮೊದಲ ಫ್ರೆಟ್‌ಗೆ ಕೇಪೊ (ಎಲ್ಲಾ ತಂತಿ ಒತ್ತಿ ಹಿಡಿದು ಶ್ರುತಿ ಏರಿಸುವ ಕ್ಲಿಪ್) ಹಾಕಿ ಜಿ ಆಕಾರದಲ್ಲಿ ನುಡಿಸುತ್ತಿರಬೇಕು, ಅಲ್ವಾ? ದುರ್ಗಾದಲ್ಲಿ ಇರುವುದು ಸಾ ರೇ ಮ ಪ ಧ. ಗ (ಗಾಂಧಾರ) ಇಲ್ಲ, ನಿ (ನಿಷಾದ) ಇಲ್ಲ. ಈ ಆಕಾರದಲ್ಲಿ ಜಿಯೇ ಸಾ. ಜಿ ಮೇಜರ್ ಕಾರ್ಡ್ ಹಿಡಿದರೆ ಅದರೊಳಗೆ ಬಿ ಇದೆ. ಅದೇ ಗಾಂಧಾರ! ಅಕ್ಕ ಇಡೀ ಆಲಾಪದಲ್ಲಿ ಮುಟ್ಟದೇ ಬಿಟ್ಟ ಸ್ವರವನ್ನು ಗಿಟಾರ್ ಮೊದಲ ಏಟಿಗೇ ಬಾರಿಸಿಬಿಡುತ್ತದೆ. ಡಿ ಮೇಜರಿನಲ್ಲಿ ನಿಷಾದ ಬರುತ್ತದೆ. ಇ ಮೈನರಿನಲ್ಲಿ ಮತ್ತೆ ಗಾಂಧಾರ.

ಹಿಡಿಯಬೇಕಾದದ್ದು ಇವು. ಜಿ ಸಸ್ 4, ಅಂದರೆ ಸಾ ಮ ಪ. ಸಿ ಮೇಜರ್, ಅಂದರೆ ಮ ಧ ಸಾ. ಎ ಮೈನರ್, ಅಂದರೆ ರೇ ಮ ಧ. ಡಿ ಸಸ್ 4, ಅಂದರೆ ಪ ಸಾ ರೇ. ಈ ನಾಲ್ಕರಲ್ಲೂ ರಾಗದ ಹೊರಗಿನ ಸ್ವರ ಒಂದೂ ಇಲ್ಲ. ಎಲ್ಲಾ ತಂತಿ ಉಜ್ಜಬೇಡಿ, ಒಂದೊಂದೇ ತಂತಿ ಮೀಟಲಿ.

ಬೇಸಿನವರಿಗೂ ಒಂದು ಮಾತು ಹೇಳಿ, ಇದು ಬಹಳ ಮುಖ್ಯ. ಸಿ ಕಾರ್ಡ್ ಬಂತು ಅಂತ ಬೇಸ್ ಮಧ್ಯಮದ (ಮ) ಮೇಲೆ ಕೂತುಬಿಟ್ಟರೆ, ಕೇಳುವವರ ಕಿವಿ ಅದನ್ನೇ ಸಾ ಅಂದುಕೊಳ್ಳುತ್ತದೆ. ದುರ್ಗಾದ ಮಧ್ಯಮವನ್ನು ಸಾ ಮಾಡಿಕೊಂಡರೆ ಅವೇ ಐದು ಸ್ವರ ಭೂಪಾಲಿ ಅನ್ನುವ ಬೇರೆ ರಾಗ ಆಗುತ್ತವೆ. ಅಕ್ಕ ದುರ್ಗಾ ಹಾಡುತ್ತಿದ್ದರೂ ಜನಕ್ಕೆ ಭೂಪಾಲಿ ಕೇಳುತ್ತದೆ. ಆಲಾಪ ಮುಗಿಯುವ ತನಕ ಬೇಸ್ ಸಾ ಬಿಟ್ಟು ಕದಲಬಾರದು. ಬಂದಿಶ್ (ತಾಳದ ಜತೆ ಹಾಡುವ ಭಾಗ) ಶುರುವಾದ ಮೇಲೂ ಬೇರೆ ಸ್ವರ ಮುಟ್ಟಿ ಬೇಗ ಸಾಗೆ ಬರಲಿ.

ಕೀಬೋರ್ಡ್_ಕಲಬುರಗಿ

ಸರ್, ನಮ್ಮವನು ಹಿಡಿಯುತ್ತಿದ್ದದ್ದು ಜಿ, ಸಿ, ಡಿ. ನೀವು ಹೇಳಿದ್ದನ್ನು ಓದಿ ಅವನಿಗೆ ಈಗಷ್ಟೇ ಫೋನ್ ಮಾಡಿದೆ. ಫೋನಿನಲ್ಲೇ ಎ ಮೈನರ್, ಜಿ ಸಸ್ 4 ನುಡಿಸಿದ. ಮೈ ಜುಂ ಅಂದಿತು.

ಏಕತಾರಿ_ತಬಲಾ

ಎರಡನೇ ತೊಂದರೆ ಬಗ್ಗೆ ಯಾರೂ ಸರಿಯಾದ ಪ್ರಶ್ನೆ ಕೇಳಿಲ್ಲ. ಎರಡನೇ ಹಾಡು ಮುಗಿದು ಮೂರನೇದು ಶುರುವಾಗುವ ನಡುವೆ ಏನಾಯಿತು? ಸಣ್ಣದಿದ್ದರೂ ಬಿಡಬೇಡ, ಬರೆ.

ನಾನು ಜೇವರ್ಗಿ ಕಡೆಯ ಭಜನೆ ಮೇಳಗಳಲ್ಲಿ ಬೆಳೆದವನು. ಕಡಕೋಳ ಮಡಿವಾಳಪ್ಪನವರ ತತ್ವಪದ ರಾತ್ರಿಯಿಡೀ ನಡೆಯುತ್ತವೆ. ಅಲ್ಲಿ ಮೊದಲು ಏಕತಾರಿ ಶ್ರುತಿ ಆಗಬೇಕು. ಆಮೇಲೆ ಅದಕ್ಕೆ ಎಲ್ಲರೂ. ಯಾರಾದರೂ ನಡುವೆ ಎದ್ದು ಹೋಗಿ ಬಂದರೆ ಕೂತ ಕೂಡಲೇ ಮತ್ತೆ ಅದಕ್ಕೇ ಸೇರಿಸಿಕೊಳ್ಳಬೇಕು. ನಿಮ್ಮ ವೇದಿಕೆ ಮೇಲೆ ಎರಡು ಸಾ ಇದ್ದವು ಅಂತ ನನ್ನ ಅನುಮಾನ.

ಕೀಬೋರ್ಡ್_ಕಲಬುರಗಿ

ನಡುವೆ ಕರೆಂಟ್ ಹೋಗಿತ್ತು ಸರ್. ಐದು ನಿಮಿಷ. ಆಮೇಲೆ ಜನರೇಟರ್ ಹಾಕಿದರು. ಕೀಬೋರ್ಡ್ ಆಫ್ ಆಗಿ ಆನ್ ಆಯಿತು. ಟ್ರಾನ್ಸ್‌ಪೋಸ್ (ಇಡೀ ಕೀಬೋರ್ಡಿನ ಸ್ವರಗಳನ್ನು ಅರ್ಧರ್ಧ ಸ್ವರ ಏರಿಸಿ ಇಳಿಸುವ ಸೆಟ್ಟಿಂಗ್) ಸೊನ್ನೆಗೆ ಬಂದಿದ್ದು ನೋಡಿ ಮತ್ತೆ ಮೈನಸ್ 4 ಹಾಕಿಕೊಂಡೆ. ಆ ಹೊತ್ತಿನಲ್ಲಿ ಗಿಟಾರ್, ಬೇಸ್ ಇಬ್ಬರೂ ನನ್ನ ಕೀಬೋರ್ಡ್ ಕೇಳಿ ತಂತಿ ಸರಿ ಮಾಡಿಕೊಂಡರು.

ಏಕತಾರಿ_ತಬಲಾ

ಪೇಟಿ ಯಾವ ಪಿಚ್‌ನಲ್ಲಿದೆ? ಹಳೆಯದಾ? ಫೋನಿನಲ್ಲಿ ಟ್ಯೂನರ್ ಹಾಕಿ, ಪೇಟಿಯ ಸಫೇದ್ 6 (ಆರನೇ ಬಿಳಿ ಮನೆ, ಎ ಸ್ವರ) ಒತ್ತಿ ನೋಡು. ಆಮೇಲೆ ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ತೆಗೆದು ಅದೇ ಸ್ವರ ನೋಡು.

ಕೀಬೋರ್ಡ್_ಕಲಬುರಗಿ

ನೋಡಿದೆ. ಆ ಸ್ವರ ಪೇಟಿಯಲ್ಲಿ 443 ಹರ್ಟ್ಝ್ (ಸೆಕೆಂಡಿಗೆ ಅಷ್ಟು ಕಂಪನ), ಕೀಬೋರ್ಡಿನಲ್ಲಿ 440.

ಈಗ ನೆನಪಾಯಿತು ಸರ್. ಪೇಟಿ ನಮ್ಮ ತಾತನ ಕಾಲದ್ದು. ಕಾರ್ಯಕ್ರಮದ ದಿನ ಮಧ್ಯಾಹ್ನ ಪೇಟಿಗೆ ಸೇರಿಸಲು ಕೀಬೋರ್ಡಿನ ಟ್ಯೂನಿಂಗನ್ನು ನಾನೇ 443ಕ್ಕೆ ಏರಿಸಿದ್ದೆ. ತಂಬೂರಿ ಆ್ಯಪ್ ಕೂಡ ಪೇಟಿಗೆ ಸೇರಿಸಿದ್ದೆ. ಕರೆಂಟ್ ಹೋಗಿ ಬಂದಾಗ ಟ್ರಾನ್ಸ್‌ಪೋಸ್ ನೆನಪಿತ್ತು, ಟ್ಯೂನಿಂಗ್ ಮರೆತೆ.

ಏಕತಾರಿ_ತಬಲಾ

ಅಲ್ಲೇ ಇದೆ. ಬಹಳಷ್ಟು ಕೀಬೋರ್ಡ್‌ಗಳು ಆಫ್ ಆದರೆ ಟ್ಯೂನಿಂಗ್ ಮರೆತು 440ಕ್ಕೆ ಬರುತ್ತವೆ. ಟ್ರಾನ್ಸ್‌ಪೋಸ್ ತಪ್ಪಿದರೆ ಎಲ್ಲರಿಗೂ ಗೊತ್ತಾಗುತ್ತದೆ. 3 ಹರ್ಟ್ಝ್ ಅಂದರೆ ಸುಮಾರು 12 ಸೆಂಟ್, ಅರ್ಧ ಸ್ವರದ ಎಂಟನೇ ಒಂದು ಪಾಲು. ಅದು ಕೇಳಿಸುತ್ತದೆ, ಆದರೆ ಏನು ಅಂತ ಹೇಳಲು ಬರುವುದಿಲ್ಲ.

ಲೆಕ್ಕ ನೋಡು. ಮೂರನೇ ಹಾಡಿಗೆ ಪೇಟಿ, ತಬಲಾ, ತಂಬೂರಿ 443ರ ಕಡೆ. ಕೀಬೋರ್ಡ್, ಗಿಟಾರ್, ಬೇಸ್ 440ರ ಕಡೆ. ಮಾನಿಟರಿನಲ್ಲಿ ಎರಡೂ ಸೇರಿ ಬರುತ್ತಿದ್ದವು. ಆ ಹುಡುಗಿ ಯಾವ ಸಾ ಹಿಡಿಯಬೇಕು? ಒಳ್ಳೆಯ ಕಿವಿ ಇದ್ದವರಿಗೇ ಇದರಿಂದ ಜಾಸ್ತಿ ತ್ರಾಸು. ಕಿವಿ ಮಂದ ಇದ್ದವರು ಹೇಗೋ ಹಾಡಿ ಇಳಿಯುತ್ತಾರೆ. ಅಕ್ಕನ ದನಿಗೆ ಏನೂ ಆಗಿಲ್ಲ.

ಪೇಟಿ, ಕೀಬೋರ್ಡ್ ಎರಡರಲ್ಲೂ ತಾರ ಷಡ್ಜ ಒಟ್ಟಿಗೆ ಹಿಡಿದು ಕೇಳು. ಸೆಕೆಂಡಿಗೆ ಸುಮಾರು ಮೂರು ಸಲ ವಂ, ವಂ, ವಂ ಅಂತ ಅಲೆ ಬರುತ್ತದೆ. ಅದನ್ನು ಅಕ್ಕನಿಗೂ ಕೇಳಿಸು. ನೀನು ಬಾಯಲ್ಲಿ ಹೇಳಿದರೆ ಸಮಾಧಾನಕ್ಕೆ ಹೇಳುತ್ತಿದ್ದಾನೆ ಅಂದುಕೊಳ್ಳುತ್ತಾಳೆ.

ಇನ್ನು ಪೇಟಿಯನ್ನು 440ಕ್ಕೆ ಇಳಿಸಲು ಅದರೊಳಗೆ ಸ್ವರ ಹೊರಡಿಸುವ ಲೋಹದ ಪತ್ತಿಗಳನ್ನು ಕೆರೆಯಬೇಕು. ತಾತನ ಪೇಟಿಗೆ ಅದನ್ನು ಮಾಡಿಸಬೇಡ. ಉಳಿದವರೆಲ್ಲ ಪೇಟಿಗೆ ಬರಲಿ. ಗಿಟಾರಿನವರ ಕ್ಲಿಪ್ ಟ್ಯೂನರಿನಲ್ಲೂ 443 ಇಟ್ಟುಕೊಳ್ಳಬಹುದು. ತಬಲಾದವರು ಪ್ರತಿ ಹಾಡಿನ ಮೊದಲು ಒಮ್ಮೆ ನೋಡಿಕೊಳ್ಳಲಿ. ಲೈಟಿನ ಬಿಸಿಗೆ ಚರ್ಮ ಬಿಗಿಯಾಗಿ ಮೇಲೆ ಹೋಗುತ್ತದೆ, ತಂಪು ಇಳಿದರೆ ಕೆಳಗೆ ಬರುತ್ತದೆ.

ಬೀದರ್_ಸೌಂಡ್

ಸರ್ ಹಿಡಿದದ್ದು ಸರಿ. ನಾನು ಮಾನಿಟರ್ ಅಂದೆ, ಅದು ಅರ್ಧ ಉತ್ತರ ಮಾತ್ರ. ತಮ್ಮಾ, ಒಂದು ಸಣ್ಣ ಯುಪಿಎಸ್ ತಗೋ. ಕೀಬೋರ್ಡಿಗೆ ಜಾಸ್ತಿ ಕರೆಂಟ್ ಬೇಡ, ಆ ಐದು ನಿಮಿಷ ದಾಟಿದರೆ ಸಾಕು. ಟ್ಯೂನಿಂಗನ್ನು ಮೆಮೊರಿಯಲ್ಲಿ ಉಳಿಸಲು ಬರುತ್ತದಾ ಅಂತ ನಿನ್ನ ಮಾಡೆಲಿನ ಪುಸ್ತಕದಲ್ಲಿ ನೋಡು.

ಕೀಬೋರ್ಡ್_ಕಲಬುರಗಿ

ನಿನ್ನೆ ಸಂಜೆ ಮಾಡಿದ್ದನ್ನು ಬರೆಯುತ್ತೇನೆ.

ಅಕ್ಕ ಅಡುಗೆಮನೆಯಲ್ಲಿ ರೊಟ್ಟಿ ಬಡಿಯುತ್ತಿದ್ದಳು. ನಾನು ಪಡಸಾಲೆಯಲ್ಲಿ ಬಲಗೈಯಲ್ಲಿ ಪೇಟಿ, ಎಡಗೈಯಲ್ಲಿ ಕೀಬೋರ್ಡ್ ಹಿಡಿದೆ. ತಮ್ಮ ಪೇಟಿಗೆ ಗಾಳಿ ಕೊಡುವ ಭಾತಿ ಹಾಕಿದ. ಅಲೆ ಶುರುವಾಯಿತು. ರೊಟ್ಟಿ ಬಡಿಯುವ ಸದ್ದು ನಿಂತಿತು. ಹಿಟ್ಟಿನ ಕೈಯಲ್ಲೇ ಬಾಗಿಲಿಗೆ ಬಂದು ನಿಂತಳು. ಏನೂ ಹೇಳದೆ ಕೀಬೋರ್ಡಿನ ಟ್ಯೂನಿಂಗ್ ಏರಿಸಿದೆ. 441, 442. ಅಲೆ ನಿಧಾನ ಆಗುತ್ತಾ ಬಂತು. 443ಕ್ಕೆ ನಿಂತೇ ಹೋಯಿತು.

"ಅವತ್ತು ಹಿಂಗೇ ಇತ್ತೇನು?" ಅಂದಳು. ಹೌದು ಅಂದೆ, ಕರೆಂಟ್ ವಿಷಯ ಹೇಳಿದೆ, ತಪ್ಪು ನನ್ನದು ಅಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, "ಇನ್ನೊಂದ್ ಸಲ ಇಳಿಸಿ ತೋರ್ಸು" ಅಂದಳು. ಇಳಿಸಿದೆ. ಮತ್ತೆ ಏರಿಸಿದೆ. ಮೂರನೇ ಸಲ ಏರಿಸಿದಾಗ ಬಾಗಿಲಲ್ಲೇ ನಿಂತು ಸಾ ಹಿಡಿದಳು.

ಶನಿವಾರ ಎಲ್ಲರೂ ಸೇರುತ್ತಿದ್ದೇವೆ. ಯುಪಿಎಸ್ ತಂದಿದ್ದೇನೆ. ಕೀಬೋರ್ಡಿನ ಮೇಲೆ ಒಂದು ಚೀಟಿ ಅಂಟಿಸಿದ್ದೇನೆ: ಮೈನಸ್ 4, 443. ಏಕತಾರಿ ಸರ್, ಮುಂದಿನ ಕಾರ್ಯಕ್ರಮಕ್ಕೆ ನೀವು ಬರಬೇಕು ಅಂತ ಅಕ್ಕ ಹೇಳಿಕಳಿಸಿದ್ದಾಳೆ. ದುರ್ಗಾ ವಚನದಿಂದಲೇ ಶುರು ಮಾಡುತ್ತಾಳಂತೆ.