ಸ್ಟ್ಯಾಗ್ ಅವರು ಕೋಚೋ, ತರಬೇತುದಾರರೋ, ಮೇಷ್ಟ್ರೋ?

ಎಲ್ರಿಗೂ ನಮಸ್ಕಾರ. ಕಾಲೇಜು ಹುಡುಗರು ತರ್ತಿರೋ ಗೋಡೆಪತ್ರಿಕೆಗೆ ಅಮೆರಿಕದಲ್ಲಿ ಹಲವು ಆಟ ಆಡಿ, ಆಮೇಲೆ ಕಲಿಸಿದ ಏಮೋಸ್ ಅಲೊಂಜೊ ಸ್ಟ್ಯಾಗ್ ಬಗ್ಗೆ ಒಂದು ಪುಟ ಬರೀತಿದೀನಿ, ಮೊದಲನೇ ಸಾಲಲ್ಲೇ ನಿಂತೋಗಿದೆ, ಅವರನ್ನ ಏನಂತ ಕರೀಬೇಕೋ ಗೊತ್ತಾಗ್ತಿಲ್ಲ.

ಹುಟ್ಟಿದ್ದು 1862. ಯೇಲ್ ವಿಶ್ವವಿದ್ಯಾಲಯದಲ್ಲಿ ಓದುವಾಗ ಬೇಸ್‌ಬಾಲ್‌ನಲ್ಲಿ ಪಿಚರ್ (ಚೆಂಡು ಎಸೆಯೋರು), ಅಮೆರಿಕನ್ ಫುಟ್‌ಬಾಲ್‌ನಲ್ಲಿ 1889ರ ಮೊಟ್ಟಮೊದಲ ಆಲ್-ಅಮೆರಿಕ (ದೇಶದ ಅತ್ಯುತ್ತಮ ಕಾಲೇಜು ಆಟಗಾರರ) ತಂಡಕ್ಕೇ ಆಯ್ಕೆ ಆದ್ರು, ಆಮೇಲೆ ಸ್ಪ್ರಿಂಗ್‌ಫೀಲ್ಡ್‌ನ ವೈಎಂಸಿಎ (ಕ್ರೈಸ್ತ ಯುವಕರ ಸಂಘ) ತರಬೇತಿ ಶಾಲೆಗೆ ಹೋದ್ರು, ಅಲ್ಲಿ ನೇಯ್ಸ್ಮಿತ್ ಆಗಷ್ಟೇ ಕಂಡುಹಿಡಿದಿದ್ದ ಬ್ಯಾಸ್ಕೆಟ್‌ಬಾಲನ್ನ 1892ರ ಮಾರ್ಚಲ್ಲಿ ಮೊದಲ ಸಲ ಜನರ ಮುಂದೆ ಆಡಿದಾಗ ಮೇಷ್ಟ್ರುಗಳ ತಂಡ ಹುಡುಗರ ಹತ್ರ 5-1ರಲ್ಲಿ ಸೋತ್ರೂ ಆ ಒಂದು ಬಾಲನ್ನ ಬುಟ್ಟಿಗೆ ಹಾಕಿದ್ದು ಇವರೇ. ಇಂಥೋರನ್ನ ಅಲ್ಲಿ ಅಥ್ಲೀಟ್ ಅಂತಾರೆ. ನಮ್ಮಲ್ಲಿ ಅಥ್ಲೀಟ್ ಅಂದ್ರೆ ಓಡೋರು, ಜಿಗಿಯೋರು, ಗುಂಡು ಎಸೆಯೋರು ಮಾತ್ರ. ಆಲ್‌ರೌಂಡರ್ ಅಂದ್ರೆ ಕ್ರಿಕೆಟ್ಟು ನೆನಪಾಗತ್ತೆ. 'ಬಹುಕ್ರೀಡಾಪಟು' ಅಂತ ಬರೆದು ನೋಡ್ದೆ, ಬಾಯಲ್ಲಿ ಆಡೋ ಮಾತಲ್ಲ ಅದು. 'ಎಲ್ಲಾ ಆಟಕ್ಕೂ ಸೈ' ಅಂತ ಬರೆದ್ರೆ ನಡೆಯತ್ತಾ?

ಇನ್ನೂ ಕಷ್ಟದ್ದು 'ಕೋಚ್'. ಹಂಗೇರಿಯ ಕೋಚ್ ಅನ್ನೋ ಊರಲ್ಲಿ ಮಾಡ್ತಿದ್ದ ಕುದುರೆಗಾಡಿಯಿಂದ ಬಂದ ಪದ, 1830ರ ಹೊತ್ತಿಗೆ ಆಕ್ಸ್‌ಫರ್ಡ್ ಹುಡುಗರು ಪರೀಕ್ಷೆ ದಾಟಿಸೋ ಪಾಠದ ಮೇಷ್ಟ್ರಿಗೆ ಹಾಗೆ ಅಂತಿದ್ರು, ಆಟಕ್ಕೆ ಬಂದಿದ್ದು ಆಮೇಲೆ. ನಮ್ಮ 'ತರಬೇತು' ಅರಬ್ಬಿಯ 'ತರ್ಬಿಯತ್'ನಿಂದ ಬಂದಿದ್ದು, ಅಂದ್ರೆ ಮಕ್ಕಳನ್ನ ಸಾಕಿ ತಿದ್ದಿ ಬೆಳೆಸೋದು. ಎಂಥಾ ಒಳ್ಳೇ ಅರ್ಥ! ಆದ್ರೆ ಈಗ ಹೊಲಿಗೆಗೂ ತರಬೇತುದಾರರು, ಚುನಾವಣೆ ಡ್ಯೂಟಿಗೂ ತರಬೇತುದಾರರು, ಆ ಬಿಸಿ ಉಳಿದಿಲ್ಲ. ಗರಡಿಯ 'ಉಸ್ತಾದ್' ನಂಗಿಷ್ಟ, ಆದ್ರೆ ಅದು ಕುಸ್ತಿಗೇ ಅಂಟ್ಕೊಂಡಿದೆ.

ನನ್ನ ಒಲವು ಮೇಷ್ಟ್ರು ಕಡೆಗೆ, ಯಾಕಂದ್ರೆ ಸ್ಟ್ಯಾಗ್ 1892ರಲ್ಲಿ ಶಿಕಾಗೊ ವಿಶ್ವವಿದ್ಯಾಲಯಕ್ಕೆ ಬಂದಿದ್ದೇ ಅಸೋಸಿಯೇಟ್ ಪ್ರೊಫೆಸರ್ ದರ್ಜೇಲಿ, ದೈಹಿಕ ಶಿಕ್ಷಣ ವಿಭಾಗದ ಮುಖ್ಯಸ್ಥರಾಗಿ, ಫುಟ್‌ಬಾಲು, ಬೇಸ್‌ಬಾಲು, ಓಟ ಎಲ್ಲಾನೂ ಕಲಿಸ್ತಿದ್ರು. 41 ಸೀಸನ್ ಆದ್ಮೇಲೆ ಎಪ್ಪತ್ತು ವರ್ಷ ಆಯ್ತು ಅಂತ ನಿವೃತ್ತಿ ಮಾಡಿಸಿದ್ರು, ಅವರು ಸೀದಾ ಕ್ಯಾಲಿಫೋರ್ನಿಯಾದ ಪೆಸಿಫಿಕ್ ಕಾಲೇಜಿಗೆ ಹೋಗಿ 1946ರ ತನಕ ಕಲಿಸಿದ್ರು. 102 ವರ್ಷ ಬದುಕಿದ್ರು. ಅದೇ ಸ್ಪ್ರಿಂಗ್‌ಫೀಲ್ಡಲ್ಲಿ ಕಲಿತ ಹ್ಯಾರಿ ಬಕ್ 1920ರಲ್ಲಿ ಮದ್ರಾಸಲ್ಲಿ ವೈಎಂಸಿಎ ದೈಹಿಕ ಶಿಕ್ಷಣ ಶಾಲೆ ಶುರುಮಾಡಿದ್ರು, ಹಾಗಾಗಿ ನಮ್ಮ ಪಿಟಿ ಮೇಷ್ಟ್ರುಗಳಿಗೂ ಇವರಿಗೂ ದೂರದ ನೆಂಟಸ್ತಿಕೆ ಇದ್ದೇ ಇದೆ.

'ಪಿಟಿ ಮೇಷ್ಟ್ರು' ಅಂತ ಬರೆದ್ರೆ ಸ್ಟ್ಯಾಗ್ ಅವರನ್ನ ಚಿಕ್ಕದು ಮಾಡ್ದಂಗೆ ಆಗತ್ತಾ? 'ಆಟದ ಮೇಷ್ಟ್ರು' ಅಂದ್ರೆ? ಧಾರವಾಡ, ಕಲಬುರಗಿ, ಮಂಗಳೂರು ಕಡೆಯೋರು ನಿಮ್ಮೂರ ಕಾಲೇಜಲ್ಲಿ ಆಟ ಕಲಿಸೋರನ್ನ ಏನಂತ ಕರೀತಿದ್ರಿ ಹೇಳಿ, ಹಿರಿಯರು ಯಾರಾದ್ರೂ 'ತರಬೇತುದಾರ' ಬರೋಕೆ ಮುಂಚಿನ ಪದ ಕೇಳಿದ್ರೆ ಅದನ್ನೂ ದಯವಿಟ್ಟು ಬರೀರಿ.