ಹುಲೇಕಲ್ ಕಡೆ ಮನೆಗೆ ಫೈಬರ್: ವೆಬ್‌ಸೈಟ್ ಇದೆ ಅನ್ನುತ್ತದೆ, ಬಂದವರು ಪೋರ್ಟ್ ಇಲ್ಲ ಅನ್ನುತ್ತಾರೆ

ತೋಟದಮನೆ:
ಮನೆ ಶಿರಸಿ ಪೇಟೆಯಿಂದ ಹುಲೇಕಲ್ ಕಡೆಗೆ, ಮುಖ್ಯರಸ್ತೆಯಿಂದ ಒಳಗೆ. ನನ್ನ ತಮ್ಮ ಬೆಂಗಳೂರಿನ ಕೆಲಸವನ್ನು ಇಲ್ಲಿಂದಲೇ ಮಾಡುತ್ತಾನೆ, ದಿನಾ ವಿಡಿಯೋ ಮೀಟಿಂಗ್. ಹಳೇ ಲ್ಯಾಂಡ್‌ಲೈನ್ ತಂತಿ ಇದೆ, ಎಕ್ಸ್‌ಚೇಂಜ್ ಆರು ಕಿ.ಮೀ. ದೂರ. ಒಂದು ಕಂಪನಿಯ ವೆಬ್‌ಸೈಟಿನಲ್ಲಿ ಪಿನ್‌ಕೋಡ್ ಹಾಕಿದರೆ ಫೈಬರ್ ಲಭ್ಯ ಅಂತ ತೋರಿಸುತ್ತದೆ. ನೋಡಲು ಬಂದವರು ಪೋರ್ಟ್ ಖಾಲಿ ಇಲ್ಲ ಅಂದು ಹೋದರು. ಈಗ ಊರಿನ ಕೇಬಲ್‌ನವರು ನಾವು ಕೊಡ್ತೇವೆ ಅನ್ನುತ್ತಿದ್ದಾರೆ. ಯಾರನ್ನು ನಂಬೋದು?

ಕಂಬದ ಪೆಟ್ಟಿಗೆ:
ತಾಮ್ರದ ತಂತಿ ಬಿಟ್ಟುಬಿಡಿ ಮಾರಾಯ್ರೆ. ಆ ತಂತಿಯಲ್ಲಿ ನೆಟ್ ಕೊಡುವ ಎಡಿಎಸ್‌ಎಲ್ 2+ ಲೆಕ್ಕದಲ್ಲಿ 24 ಎಂಬಿಪಿಎಸ್ ವರೆಗೆ ಕೊಡುತ್ತದೆ, ಆದರೆ ಎಕ್ಸ್‌ಚೇಂಜ್ ಪಕ್ಕದಲ್ಲೇ ಇರುವವರಿಗೆ. ಆರು ಕಿ.ಮೀ. ಆಚೆ ಮೀಟಿಂಗ್ ನಡೆಸುವ ಮಾತೇ ಇಲ್ಲ.

ಫೈಬರ್‌ಗೆ ಈ ದೂರ ಲೆಕ್ಕಕ್ಕಿಲ್ಲ. ಮಾಮೂಲಿ ಜಿಪಾನ್ ಲೈನ್, ಅಂದರೆ ಒಂದೇ ಎಳೆಯನ್ನು ಹಲವು ಮನೆಗೆ ಹಂಚುವ ಫೈಬರ್, 20 ಕಿ.ಮೀ. ವರೆಗೂ ಹೋಗುತ್ತದೆ. ಕೊರತೆ ಇರುವುದು ಕಂಬದ ಮೇಲಿನ ಸ್ಪ್ಲಿಟರ್ ಪೆಟ್ಟಿಗೆಯಲ್ಲಿ. ಎಕ್ಸ್‌ಚೇಂಜ್‌ನಿಂದ ಬರುವ ಒಂದೇ ಎಳೆ ಅಲ್ಲಿ ಎಂಟೋ ಹದಿನಾರೋ ಮನೆಗೆ ಒಡೆಯುತ್ತದೆ. ಅಷ್ಟೂ ಪೋರ್ಟ್ ತುಂಬಿದ್ದರೆ ನಿಮಗೆ ಜಾಗವಿಲ್ಲ. ಒಂದು ಪಿನ್‌ಕೋಡಿನಲ್ಲಿ ಎಷ್ಟೋ ಹಳ್ಳಿ ಇರುತ್ತವೆ, ವೆಬ್‌ಸೈಟಿಗೆ ನಿಮ್ಮ ಕಂಬ ಹೇಗೆ ಗೊತ್ತಾಗಬೇಕು? ಹೊಸ ಸ್ಪ್ಲಿಟರ್ ಹಾಕ್ತೀರಾ ಅಂತ ಕೇಳಿ. ಅಕ್ಕಪಕ್ಕದ ಎರಡು-ಮೂರು ಮನೆಯವರು ಸೇರಿ ಕೇಳಿದರೆ ಕೆಲಸ ಬೇಗ ಆಗುತ್ತದೆ.

ತೋಟದಮನೆ:
ಕೇಬಲ್‌ನವರದ್ದೂ ಫೈಬರ್ರೇ ಅಲ್ವಾ? ಅವರು ನಾಳೆಯೇ ಹಾಕಿಕೊಡ್ತಾರಂತೆ.

ಕಂಬದ ಪೆಟ್ಟಿಗೆ:
ಫೈಬರ್ರೇ, ಆದರೆ ಅವರ ಓಎಲ್‌ಟಿ ಎಲ್ಲಿದೆ ಅಂತ ಕೇಳಿ. ಎಲ್ಲಾ ಮನೆಗಳ ಲೈನ್ ಶುರುವಾಗುವ ಮಷೀನ್ ಅದು. ಬ್ಯಾಟರಿ, ಜನರೇಟರ್ ಇರುವ ಎಕ್ಸ್‌ಚೇಂಜಿನಲ್ಲಿದ್ದರೆ ಒಳ್ಳೇದು. ಅಲ್ಲಿಂದ ನಿಮ್ಮ ಮನೆವರೆಗೆ ದಾರಿಯಲ್ಲಿ ಕರೆಂಟೇ ಬೇಡ, ಸ್ಪ್ಲಿಟರ್‌ಗೂ ಬೇಡ. ಕೆಲವರು ಯಾರದೋ ಅಂಗಡಿಯ ಹಿಂದೆ ಓಎಲ್‌ಟಿ ಇಟ್ಟಿರುತ್ತಾರೆ, ಇಲ್ಲಾ ನಡುವೆ ಕರೆಂಟ್ ಬೇಕಾಗುವ ಒಂದು ನೆಟ್‌ವರ್ಕ್ ಸ್ವಿಚ್ ಕೂರಿಸಿರುತ್ತಾರೆ. ಅಲ್ಲಿ ಕರೆಂಟ್ ಹೋಯಿತೋ, ನಿಮ್ಮ ಮನೆಯಲ್ಲಿ ಇನ್ವರ್ಟರ್ ಇದ್ದೂ ನೆಟ್ ಇಲ್ಲ. ಆಷಾಢದ ಮಳೆಯಲ್ಲಿ ನಮ್ಮ ಕಡೆ ಕರೆಂಟಿನ ಕಥೆ ನಿಮಗೆ ಹೇಳಬೇಕಾ!

ಪರೀಕ್ಷೆ ಸುಲಭ. ಅದೇ ಲೈನ್ ಇರುವ ಮನೆಯೊಂದನ್ನು ಹುಡುಕಿ, ಇನ್ವರ್ಟರ್ ಇರುವಂಥದ್ದು. ಊರಿಗೆ ಊರೇ ಕತ್ತಲಾದಾಗ ಅಲ್ಲಿ ನೆಟ್ ಇರುತ್ತದಾ ಕೇಳಿ. ಹಾಗೇ ಅವರ ಮೋಡೆಮ್ ಪೇಜಿನಲ್ಲಿ ಆರ್‌ಎಕ್ಸ್ ಪವರ್ ನೋಡಿ, ಫೈಬರಿನಲ್ಲಿ ಮನೆಗೆ ತಲುಪುವ ಬೆಳಕು ಎಷ್ಟು ಅಂತ ಡಿಬಿಎಂ ಲೆಕ್ಕದಲ್ಲಿ ತೋರಿಸುತ್ತದೆ. −25ರ ಒಳಗಿದ್ದರೆ ಚಿಂತೆ ಇಲ್ಲ, −27ರ ಹತ್ತಿರ ಹೋದರೆ ಲೈನ್ ಯಾವಾಗ ಬೇಕಾದರೂ ಬೀಳಬಹುದು.

ಕೋಡಿಬಾಗದವ:
ಇಷ್ಟೆಲ್ಲಾ ಯಾಕೆ? ಇಲ್ಲಿ ಕಾರವಾರದಲ್ಲಿ ನಾನು 5ಜಿ ಏರ್‌ಫೈಬರ್ ಹಾಕಿಸಿದ್ದೇನೆ. ತಂತಿಯ ರಗಳೆಯೇ ಇಲ್ಲ.

ಕಂಬದ ಪೆಟ್ಟಿಗೆ:
ಟವರ್ ಎದುರಿಗಿರುವ ಪೇಟೆಯಲ್ಲಿ ಸರಿ. ಅಡಿಕೆ ತೋಟದ ತಗ್ಗಿನಲ್ಲಿ, ಸುತ್ತ ಬೆಟ್ಟ ಇರುವಲ್ಲಿ ಬೇರೆ ಮಾತು. ಮನೆಯ ಮಾಡಿನ ಎತ್ತರದಲ್ಲಿ ಅದೇ ಕಂಪನಿಯ ಸಿಮ್ ಹಿಡಿದು, ಸಂಜೆ ಎಲ್ಲರೂ ಮೊಬೈಲ್ ಹಿಡಿದಿರುವ ಹೊತ್ತಿನಲ್ಲಿ ಸ್ಪೀಡ್ ನೋಡಿ. ಬೆಳಿಗ್ಗೆ ನೋಡಿ ಸುಮ್ನೆ ಖುಷಿಪಡಬೇಡಿ.

ತೋಟದಮನೆ:
5ಜಿ ನಮ್ಮ ಅಂಗಳಕ್ಕೇ ಬರುವುದಿಲ್ಲ. ಕೆಳಗಿನ ಮನೆಯಲ್ಲಿ ಎಕ್ಸ್‌ಚೇಂಜಿನಿಂದ ಬರುವ ಫೈಬರ್ ಇದೆ. ನಿನ್ನೆ ಹೋಗಿ ನೋಡಿದೆ, −22 ತೋರಿಸಿತು. ಕರೆಂಟ್ ಇಲ್ಲದಾಗಲೂ ನಡೆಯುತ್ತದಂತೆ. ಕೇಬಲ್‌ನವರ ಓಎಲ್‌ಟಿ ಪೇಟೆಯ ಅಂಗಡಿಯೊಂದರಲ್ಲಿದೆ, ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂದರೆ ಉತ್ತರವಿಲ್ಲ.

ಕಂಬದ ಪೆಟ್ಟಿಗೆ:
ಹಾಗಾದರೆ ಹೊಸ ಸ್ಪ್ಲಿಟರ್‌ಗೆ ಕಾಯಿರಿ. ಕಂಬದಿಂದ ಮನೆವರೆಗಿನ ಕೇಬಲ್‌ಗೆ ಮೀಟರ್ ಲೆಕ್ಕದಲ್ಲಿ ದುಡ್ಡು ಕೇಳಬಹುದು, ಮೊದಲೇ ಮಾತಾಡಿಕೊಳ್ಳಿ. ಮರ ಬಿದ್ದು ಕೇಬಲ್ ಹರಿದರೆ ಜಾಯಿಂಟ್ ಮಾಡಲು ಬರುವವರು ಶಿರಸಿಯಲ್ಲೇ ಇದ್ದಾರಾ ಅಂತಲೂ ಕೇಳಿ. ಮೋಡೆಮ್‌ಗೆ 12 ವೋಲ್ಟಿನ ಸಣ್ಣ ಯುಪಿಎಸ್ ಒಂದು ತಂದಿಡಿ.