ಇ-ಪುಸ್ತಕದ ‘ಕೀಲಿ’: ಬೀಗವೋ, ಬೀಗದ ಕೈಯೋ?

ಮಾನ್ಯರೇ,

ಬೆಳಗಾವಿಯ ನಮ್ಮ ಓದುಗರ ಬಳಗಕ್ಕಾಗಿ ಇ-ಪುಸ್ತಕಗಳನ್ನು ಕುರಿತು ಚಿಕ್ಕ ಕೈಪಿಡಿಯೊಂದನ್ನು ಬರೆಯುತ್ತಿದ್ದೇನೆ. ಅದರಲ್ಲಿ ಡಿಆರ್‌ಎಂ (ಡಿಜಿಟಲ್ ಹಕ್ಕುಗಳ ನಿರ್ವಹಣೆ, ಅಂದರೆ ಮಾರಿದ ಇ-ಪುಸ್ತಕಕ್ಕೆ ಅಂಗಡಿಯವರು ಹಾಕುವ ತಾಂತ್ರಿಕ ಕಟ್ಟು) ಎಂಬುದಕ್ಕೆ ಮೊದಲು ‘ನಕಲು ತಡೆ’ ಎಂದು ಬರೆದು ಹೊಡೆದುಹಾಕಿದೆ. ಒಂದು ಅಂಗಡಿಯಲ್ಲಿ ಹಣ ಕೊಟ್ಟು ಪಡೆದ ಪುಸ್ತಕ ಇನ್ನೊಂದು ಅಂಗಡಿಯ ಆ್ಯಪ್‌ನಲ್ಲಿ ತೆರೆಯದೆ ಬೇಸತ್ತವರು ನಕಲು ಮಾಡಲು ಹೊರಟವರೇನಲ್ಲ. ಅಡೋಬಿಯ ರಕ್ಷಣೆಯನ್ನೂ ಆಪಲ್‌ನ ಫೇರ್‌ಪ್ಲೇಯನ್ನೂ ಹಾಕುವುದು ಇಪಬ್ ಎಂಬ ಒಂದೇ ಇ-ಪುಸ್ತಕ ಮಾದರಿಯ ಕಡತಕ್ಕೇ ಆದರೂ, ಒಂದು ಬಿಗಿದದ್ದನ್ನು ಇನ್ನೊಂದು ಬಿಚ್ಚಲಾರದು. ತಡೆ ಬಿದ್ದಿರುವುದು ಓದಿಗೂ. ಕೃತಿಸ್ವಾಮ್ಯ ಕಾಯ್ದೆಗೆ 2012ರಲ್ಲಿ ಸೇರಿದ 65ಎ ಕಲಮಿನ ಜಾಡಿನಲ್ಲಿ ‘ತಾಂತ್ರಿಕ ರಕ್ಷಣಾ ಕ್ರಮ’ ಎನ್ನಬಹುದು, ಆದರೆ ಅದು ವಕೀಲರ ಮಾತಾಯಿತು.

ಕೊನೆಗೆ ‘ಕೀಲಿ’ ಎಂದೆ. ನಮ್ಮ ಕಡೆ ಮನೆಗೆ ಹಾಕುವುದು ಕೀಲಿ, ಅದನ್ನು ತೆಗೆಯುವುದು ಕೀಲಿಕೈ. ಕರಡನ್ನು ಓದಿದ ಮೈಸೂರಿನ ಮಿತ್ರರೊಬ್ಬರಿಗೆ ಮಾತ್ರ ಕೀಲಿ ಎಂದರೆ ಬೀಗದ ಕೈ. ಸಾಲದ್ದಕ್ಕೆ ಈ ಊರಿನ ಮರಾಠಿಯಲ್ಲಿಯೂ ‘ಕಿಲ್ಲಿ’ಯೆಂದರೆ ತೆರೆಯುವ ಸಾಧನವೇ, ಬೀಗಕ್ಕೆ ಅವರು ‘ಕುಲೂಪ’ ಎನ್ನುತ್ತಾರೆ. ಡಿಆರ್‌ಎಂನಲ್ಲಿ ಇವೆರಡೂ ಇರುವುದರಿಂದ, ಅಂದರೆ ಕಡತದ ಅಕ್ಷರಗಳನ್ನು ಗೂಢಲಿಪಿಯಾಗಿಸುವುದು ಒಂದು, ನಮ್ಮ ಖಾತೆಗೆ ಕಟ್ಟಿಹಾಕಿದ ಬಿಡಿಸುವ ಸಂಕೇತ ಇನ್ನೊಂದು ಆಗಿರುವುದರಿಂದ, ತೊಡಕು ಹೆಚ್ಚುತ್ತದೆ. ‘ಅಂಗಡಿ ಮುಚ್ಚಿದರೆ ಕೀಲಿ ಉಳಿದು ಕೀಲಿಕೈ ಹೋಗುತ್ತದೆ’ ಎಂಬ ನನ್ನ ವಾಕ್ಯ ಅಥಣಿಯಲ್ಲಿ ತಿಳಿದೀತು, ಮಂಡ್ಯದಲ್ಲಿ ತಿಳಿಯಲಿಕ್ಕಿಲ್ಲ. ‘ಬೀಗ’ ಎಂದರೆ ಗೊಂದಲವಿಲ್ಲ, ನಿಜ. ಆದರೆ ಇಲ್ಲಿ ಆ ಪದ ಕಿವಿಗೆ ಬಿದ್ದರೆ ಮೊದಲು ನೆನಪಾಗುವುದು ಬೀಗರು!

ಇನ್ನೊಂದು ತೊಡಕು ಕ್ರಿಯಾಪದದ್ದು. 2019ರಲ್ಲಿ ಮೈಕ್ರೋಸಾಫ್ಟ್ ತನ್ನ ಇ-ಪುಸ್ತಕದಂಗಡಿಯನ್ನು ಮುಚ್ಚಿದಾಗ ಗಿರಾಕಿಗಳಿಗೆ ಹಣ ಮರಳಿತು, ಪುಸ್ತಕಗಳು ಉಳಿಯಲಿಲ್ಲ. ಮಾರಲಾಗದ, ಮಕ್ಕಳಿಗೆ ಬಿಟ್ಟುಹೋಗಲೂ ಆಗದ ಇಂಥದನ್ನು ‘ಕೊಂಡೆ’ ಎನ್ನಲು ಮನಸ್ಸು ಒಪ್ಪದೆ, ಹೊಲದ ಮಾತಿನಿಂದ ‘ಲಾವಣಿ ಹಿಡಿದೆ’, ಅಂದರೆ ಗುತ್ತಿಗೆಗೆ ಪಡೆದೆ, ಎಂದು ಬರೆದಿದ್ದೇನೆ. ಹೊಲದ ಲಾವಣಿಗೆ ಗಡುವಾದರೂ ಇರುತ್ತದೆ ಎಂದು ಬಳಗದ ಹಿರಿಯರೊಬ್ಬರು ತಕರಾರು ತೆಗೆದರು. ಅವರ ಮಾತನ್ನು ತಳ್ಳಿಹಾಕಲು ಬರುವುದಿಲ್ಲ.

ಗುತ್ತಿಗೆಯ ಅರ್ಥದ ಈ ‘ಲಾವಣಿ’ ತುಂಗಭದ್ರೆಯ ಆಚೆಗೆ ಬಳಕೆಯಲ್ಲಿದೆಯೇ, ಅಥವಾ ಅಲ್ಲಿ ಹಾಡು ಮಾತ್ರವೇ? ಕೀಲಿಯನ್ನು ಬೀಗದ ಅರ್ಥದಲ್ಲಿ ಅಚ್ಚಿನಲ್ಲಿ ಕಂಡವರಿದ್ದರೆ ದಯವಿಟ್ಟು ವಾಕ್ಯಸಹಿತ ತಿಳಿಸಬೇಕು.